ಬಚ್ಚಲೊಲೆಯ ನರಿ

ಹಾಸಿಗೆ ಇಡುವ ಗೂಡಿನೊಳಗೆ ಸೊಂಟದವರೆಗೂ ತೂರಿಕೊಂಡು ಶಿಗೆನೊ ಹಳೆಯ ರಜಾಯಿಗಳನ್ನು ಒಂದೊಂದಾಗಿ ಹಿಂದಕ್ಕೆ ಎಸೆಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮಠದ ಗುರು ಕೈಜುನ್ ಮಂತ್ರ ಹೇಳುತ್ತಿದ್ದ. ಮಧ್ಯೆ ಮಧ್ಯೆ ಕಂಚಿನ ಗಂಟೆ ಕೇಳುತ್ತಿತ್ತು. ಗಂಡನ ಹೆಣದ ಪಕ್ಕ ಕೂತಿರಬೇಕಾದವಳು ಹೀಗೆ ಕರಿ ಕಿಮೊನೊ ಉಟ್ಟು ಗೂಡಿನಲ್ಲಿ ಇಲಿ ಹಿಡಿಯುವ ಬೆಕ್ಕಿನಂತೆ ಕೆದಕುತ್ತಿರುವುದನ್ನು ಯಾರಾದರೂ ಕಂಡಿದ್ದರೆ, ಪಾಪ, ದುಃಖಕ್ಕೆ ಬುದ್ಧಿ ಕೆಟ್ಟಿತು ಅಂದುಕೊಳ್ಳುತ್ತಿದ್ದರು.

ಕೊನೆಗೂ ಕೈಗೆ ಪೆಟ್ಟಿಗೆ ಸಿಕ್ಕಿತು. ಹಗುರ ಮರದ ಚೌಕ ಪೆಟ್ಟಿಗೆ. ದೇವರೇ, ಸಿಕ್ಕಿತಲ್ಲ ಎಂದು ಎದೆಗೆ ಒತ್ತಿಕೊಂಡು ಮುಚ್ಚಳ ತೆಗೆದಳು. ಒಳಗೆ ಹಳದಿ ವಸ್ತ್ರ ಬಿಟ್ಟರೆ ಇನ್ನೇನೂ ಇರಲಿಲ್ಲ.

"ನಿಮ್ಮ ಮನೆ ಹಾಳಾಗ!" ಎಂದು ಗೋಡೆಯಾಚೆ ಮಲಗಿದ್ದ ಗಂಡನಿಗೆ ಬೈದಳು. ಆ ಮನೆ ತನ್ನದೂ ಹೌದೆಂದು ಆಮೇಲೆ ಹೊಳೆಯಿತು.

"ಅಮ್ಮಾ!" ಮಗಳು ಫುಮಿಯೊ ಬಾಗಿಲು ಸರಿಸಿ ಇಣುಕಿದಳು. "ಎಲ್ಲರೂ ಧೂಪ ಹಾಕೋಕೆ ಕಾಯ್ತಿದ್ದಾರೆ. ಮೊದಲು ನೀನು ಹಾಕ್ಬೇಕು. ಇಲ್ಲೇನ್ ಮಾಡ್ತಿದ್ದೀಯ?"

"ಕರ್ಚೀಫು ಹುಡುಕ್ತಿದ್ದೀನಿ."

"ರಜಾಯಿ ಕೆಳಗಾ?"

"ನಿಮ್ಮಪ್ಪ ಏನನ್ನ ಎಲ್ಲಿ ಇಡ್ತಿದ್ರು ಅಂತ ನಿನಗೇನು ಗೊತ್ತು? ನಡಿ, ಬಂದೆ."

ಮಗಳಿಗೆ ಹೇಳುವಂತಿರಲಿಲ್ಲ. ಯಾರಿಗೂ ಹೇಳುವಂತಿರಲಿಲ್ಲ. ಹಿನೋತ್ಸು ಊರಿನ ಕಟ್ಟಳೆಯೇ ಹಾಗೆ. ಚಳಿಗಾಲ ಮುಗಿಯುವ ಮುಂಚೆ, ಇನಾರಿ ದೇವರ ಹಬ್ಬದ ಸಂಜೆ, ಗುಡ್ಡದಿಂದ ನರಿ ಇಳಿದು ಬರುತ್ತದೆ. ದೇವರ ಬಂಟ ಅದು. ಮನೆಮನೆಯ ಹೊಸ್ತಿಲಲ್ಲಿ ಕುಣಿದು, ಅಲ್ಲಿಯ ಕೆಟ್ಟದ್ದನ್ನೆಲ್ಲ ಮೂಸಿ ಎಳೆದುಕೊಂಡು ಹೋಗುತ್ತದೆ. ಅದರ ಕಾಗದದ ಕಿವಿಯಲ್ಲಿ ಪಿಸುಗುಟ್ಟಿದ್ದು ದೇವರಿಗೆ ಮುಟ್ಟುತ್ತದೆ. ಆ ಬಿಳಿ ಮುಖದ ಹಿಂದೆ ಯಾರಿದ್ದಾರೆಂದು ಕೇಳಬಾರದು, ಗೊತ್ತಿದ್ದರೆ ಹೇಳಬಾರದು. ಹೇಳಿದರೆ ಮರುವರ್ಷ ನರಿ ಬರುವುದಿಲ್ಲ. ನರಿಯಾದವನು ಕಾಗದದ ಮೇಲೆ ಕಾಗದ ಅಂಟಿಸಿ, ಚಿಪ್ಪಿನ ಸುಣ್ಣ ಬಳಿದು, ತನ್ನ ನರಿಮುಖವಾಡವನ್ನು ತಾನೇ ಮಾಡಿಕೊಳ್ಳಬೇಕು. ಸತ್ತಾಗ ಅದು ಅವನ ಜೊತೆಗೇ ಬೆಂಕಿಗೆ ಹೋಗಬೇಕು. ಹಿಂದೆ ಉಳಿದುಬಿಟ್ಟರೆ ನರಿಗೆ ಗುಡ್ಡದ ದಾರಿ ಸಿಗದು, ಮನುಷ್ಯನಿಗೆ ಮೇಲಿನ ದಾರಿ ಸಿಗದು. ಇಬ್ಬರೂ ಹಿತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತ ತಿರುಗುತ್ತಾರೆ.

ಆ ನರಿ ಯಸುಕಿಚಿ. ನಲವತ್ತಕ್ಕೂ ಹೆಚ್ಚು ವರ್ಷ. ಅದು ಶಿಗೆನೊ ಒಬ್ಬಳಿಗೇ ಗೊತ್ತಿದ್ದ ಗುಟ್ಟು. ಮೊನ್ನೆ ಉಸಿರು ನಿಲ್ಲುವ ಮುಂಚೆ ಅವನು ಎರಡೇ ಶಬ್ದ ಆಡಿದ್ದ: "ಮುಖ... ಮರೀಬೇಡ." ಜೀವಮಾನವೆಲ್ಲ ಜಿಪುಣನಂತೆ ಮಾತು ಉಳಿಸಿದ ಮನುಷ್ಯ ಕೊನೆಯ ಎರಡನ್ನು ಇದಕ್ಕಾಗಿ ಖರ್ಚು ಮಾಡಿದ್ದ. ಈಗ ನೋಡಿದರೆ ಪೆಟ್ಟಿಗೆ ಖಾಲಿ. ಮಧ್ಯಾಹ್ನಕ್ಕೆ ಹೆಣದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಾರೆ.

*

ಧೂಪ ಹಾಕಿ ಕೈಮುಗಿದು ಶಿಗೆನೊ ತನ್ನ ಜಾಗದಲ್ಲಿ ಮಂಡಿಯೂರಿದಳು. ಬಿಳಿ ಮರದ ಪೆಟ್ಟಿಗೆಯಲ್ಲಿ ಯಸುಕಿಚಿ ಎಂದಿನ ಮುಖದಲ್ಲೇ ಮಲಗಿದ್ದ, ಯಾರೋ ಏನೋ ಕೇಳಿದ್ದಾರೆ, ಉತ್ತರ ಇನ್ನೂ ಯೋಚಿಸುತ್ತಿದ್ದೇನೆ ಅನ್ನುವ ಹಾಗೆ. ಮೊದಲ ಸುತ್ತಿನ ಮಂತ್ರ ಮುಗಿಸಿ ಗುರು ಎದ್ದ. ನಲವತ್ತರ ಆಸುಪಾಸಿನ ದುಂಡು ಮನುಷ್ಯ. ನಕ್ಕಿದ್ದನ್ನು ಕಂಡವರು ಊರಲ್ಲಿ ಯಾರೂ ಇಲ್ಲ. ಶಿಗೆನೊ ಪಕ್ಕದಲ್ಲಿ ಬಗ್ಗಿ, "ಅಮ್ಮಾ, ನಿಮ್ಮ ಹತ್ರ ಒಂದು ಮಾತು..." ಎಂದ.

"ಆಮೇಲೆ, ಗುರುಗಳೇ, ಆಮೇಲೆ. ಒಳಗೆ ಕೂತಿರಿ, ಚಹಾ ಕಳಿಸ್ತೀನಿ." ಮಂತ್ರದ ದಕ್ಷಿಣೆಯ ಮಾತಿರಬೇಕು ಎಂದುಕೊಂಡಳು. ಅವಳ ಕಣ್ಣು ಆಗಲೇ ಬಂದವರ ಕೈಚೀಲಗಳ ಮೇಲೆ ಓಡಾಡುತ್ತಿತ್ತು.

ಚಹಾ ಬಂತು, ಅಕ್ಕಿ ಬಿಸ್ಕತ್ತು ಬಂತು, ಸಾವಿನ ಮನೆ ಮೆಲ್ಲಗೆ ಮಾತಿನ ಮನೆಯಾಯಿತು. ಊರಿನ ಸಾರ್ವಜನಿಕ ಬಚ್ಚಲು ಇವರದ್ದು. ಗಂಡಸರ ಕಡೆ, ಹೆಂಗಸರ ಕಡೆ, ನಡುವಿನ ಎತ್ತರದ ಪೀಠದ ಮೇಲೆ ಶಿಗೆನೊ, ಹಿಂದುಗಡೆ ಒಲೆಯ ಮುಂದೆ ಯಸುಕಿಚಿ. ನೀರು ತಣ್ಣಗಿದ್ದರೆ ಗಂಡಸರು ಗೋಡೆ ಗುದ್ದಿ ಕೂಗುತ್ತಿದ್ದರು. ಅವನು ಕೊಳವೆಗೆ ಸೌದೆ ತುಂಡಿನಿಂದ ಒಂದು ಸಲ ಬಡಿದರೆ ತಾಳಿ ಎಂದು ಅರ್ಥ, ಎರಡು ಸಲ ಬಡಿದರೆ ಆಯಿತು ಎಂದು.

"ನಾನು ಯಸುಕಿಚಿ ಜೊತೆ ಮಾತಾಡಿದ್ದಕ್ಕಿಂತ ಆ ಕೊಳವೆ ಜೊತೆ ಮಾತಾಡಿದ್ದೇ ಹೆಚ್ಚು," ಎಂದ ಕ್ಷೌರಿಕ ಗೆಂಪೆಯಿ. ಸತ್ತವನ ಚಡ್ಡಿ ದೋಸ್ತು ಅವನು. ಅಳುತ್ತಲೇ ಬಿಸ್ಕತ್ತು ಕಡಿಯುತ್ತಿದ್ದ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಅತ್ತಿಗೆ, ಆ ಲೆಕ್ಕದಲ್ಲಿ ಈ ಊರಿನ ದೊಡ್ಡ ಸಾಹುಕಾರ್ತಿ ನೀವೇ."

"ಬೆಳ್ಳಿ ಅಂಗಡಿ ನಾನೇ ಇಟ್ಟಿದ್ನಲ್ಲಪ್ಪ, ಅದಕ್ಕೆ ಮನೆ ನಡೀತು," ಎಂದಳು ಶಿಗೆನೊ.

"ಹುಟ್ಟಿದಾಗಲೂ ಅಳಲಿಲ್ಲ ಅವನು!" ಯಸುಕಿಚಿಯ ಅಕ್ಕ ಒತೊಕು ಮೂಲೆಯಿಂದ ಅರಚಿದಳು. ಕಿವಿ ಮುಕ್ಕಾಲು ಹೋಗಿದೆ, ಕಣ್ಣು ಮಾತ್ರ ಹದ್ದಿನದು. "ಸೂಲಗಿತ್ತಿ ತಲೆಕೆಳಗೆ ಹಿಡಿದು ಬಡಿದ್ರೆ 'ಹ್ಞೂ' ಅಂದ. ಅಷ್ಟೇ! ನಮ್ಮಮ್ಮ ಇದೇನು ಮಗುವೋ ಮುದುಕನೋ ಅಂತ ಹೆದರಿಬಿಟ್ಟಿದ್ಲು."

ಎಲ್ಲರೂ ನಕ್ಕರು. ಹೊರಗೆ ಬಿಸಿಲಿರುವಂತೆಯೇ ಸಣ್ಣ ಮಳೆ ಹನಿಯತೊಡಗಿತು.

"ನೋಡಿ, ನರಿ ಮದುವೆ!" ಗೆಂಪೆಯಿ ಕಿಟಕಿಯತ್ತ ಬೆರಳು ಮಾಡಿದ. "ನರಿ ಅಂದ ಕೂಡ್ಲೆ ನೆನಪಾಯ್ತು. ಈ ವರ್ಷದ ಹಬ್ಬದಲ್ಲಿ ಏನು ಕುಣಿತ ಅಂತೀರಿ! ಮೂರು ವರ್ಷದಿಂದ ನೋಡ್ತಿದ್ದೀನಿ, ನರಿಗೆ ಪ್ರಾಯ ತಿರುಗಿ ಬಂದಿದೆ. ನಮ್ಮ ಅಂಗಡಿ ಮೆಟ್ಟಿಲು ಒಂದೇ ನೆಗೆತಕ್ಕೆ ಹತ್ತಿ, ನನ್ನ ಬೋಳು ತಲೆ ಮೇಲೆ ಸೋಪಿನ ನೊರೆ ಬಳಿದು ಹೋಯ್ತು."

ಶಿಗೆನೊ ತಲೆ ತಗ್ಗಿಸಿದಳು. ಒಳಗೊಳಗೇ ಹೆಮ್ಮೆ ಉಕ್ಕಿತು. ಎಪ್ಪತ್ತು ದಾಟಿದ ಮೇಲೂ ಒಂದೇ ನೆಗೆತ! ಹಬ್ಬದ ಮಾರನೆಯ ದಿನ ಅವನ ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಅವಳ ಹೆಬ್ಬೆರಳು ಸೋತುಹೋಗುತ್ತಿತ್ತು, ಅದು ಸುಮ್ಮನೆ ಅಲ್ಲ.

ಆಮೇಲೆ ಒಂದು ಅನುಮಾನ ಹುಟ್ಟಿತು. ಹೆಣಕ್ಕೆ ಕೊನೆಯ ಕ್ಷೌರ ಮಾಡಲು ಗೆಂಪೆಯಿ ಆ ಗೂಡಿನ ಕೋಣೆಯಲ್ಲೇ ಒಬ್ಬನೇ ಕೂತಿದ್ದ.

"ಗೆಂಪೆಯಿ, ಮೊನ್ನೆ ಇಲ್ಲಿಂದ ಏನಾದ್ರೂ ತಗೊಂಡು ಹೋದ್ಯಾ? ಬಿಳೀದು?"

ಅವನ ಮುಖ ಕೆಂಪಾಯಿತು. "ಟವೆಲ್ ಅತ್ತಿಗೆ. ಒಂದೇ ಒಂದು. ಕಣ್ಣು ಒರೆಸ್ಕೊಂಡು ಹಾಗೇ ಹೆಗಲ ಮೇಲೆ ಹಾಕ್ಕೊಂಡು ಹೋಗಿಬಿಟ್ಟೆ. ಒಗೆದು ಕೊಡ್ತೀನಿ."

"ಟವೆಲ್ ಇಟ್ಕೋ, ಮಾರಾಯ," ಎಂದು ಶಿಗೆನೊ ಎದ್ದಳು.

*

ಶಿಗೆನೊ ಮದುವೆಯಾಗಿ ಬಂದ ವರ್ಷದ ಮಾತು. ಮೀನು ಮಾರುವವರ ಮನೆಯ ಹುಡುಗಿ ಅವಳು. ಆ ಮನೆಯಲ್ಲಿ ಒಂದು ಚಿಟಿಕೆ ಉಪ್ಪು ಬೇಕಾದರೂ ಕೂಗಬೇಕಿತ್ತು. ಇಲ್ಲಿ ನೋಡಿದರೆ ಗಂಡ ಎಂಬವನು ಬೆಳಿಗ್ಗೆ ಎದ್ದು ಒಲೆಗೆ ಸೌದೆ ಇಕ್ಕಿದರೆ ಸಂಜೆಯವರೆಗೆ 'ಹ್ಞೂ' ಅಥವಾ 'ಹ್ಞೂಹ್ಞೂ'. ಅಡುಗೆ ಚೆನ್ನಾಗಿದೆಯಾ? ಹ್ಞೂ. ಉಪ್ಪು ಜಾಸ್ತಿಯಾಯಿತಾ? ಹ್ಞೂಹ್ಞೂ. ಶರತ್ಕಾಲ ಹೇಗೋ ಕಳೆಯಿತು. ಹಿಮ ಬೀಳಲು ಶುರುವಾದಾಗ ಅವಳು ತನ್ನ ಬಟ್ಟೆಗಳನ್ನು ಒಂದು ಗಂಟು ಕಟ್ಟಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ಹಬ್ಬದ ಸಂಜೆ ಬಚ್ಚಲು ತುಂಬಿತ್ತು. ನರಿ ಬಂತು. ಬಿಳಿ ಮುಖ, ಕೆಂಪು ಕಿವಿ, ಮೇಲಕ್ಕೆ ಎಳೆದ ಹೊನ್ನಿನ ಕಣ್ಣು. ಬಾಗಿಲಲ್ಲಿ ನಿಂತು ಮೂಸಿತು. ಊರ ಮುಖಂಡ ಬಟ್ಟೆ ಬಿಚ್ಚುತ್ತಿದ್ದ. ನರಿ ಅವನ ಟೋಪಿ ಎಗರಿಸಿ ಒಂದು ಮರದ ಬಕೇಟಿಗೆ ತೊಡಿಸಿ, ಆ ಬಕೇಟಿಗೆ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿತು. ಆಮೇಲೆ ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಥೇಟ್ ಮುಖಂಡನ ನಡಿಗೆಯಲ್ಲಿ ಮೂರು ಸುತ್ತು ಬಂತು. ಬತ್ತಲೆ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಶಿಗೆನೊ ಎಷ್ಟು ನಕ್ಕಳೆಂದರೆ ಪೀಠದಿಂದ ಜಾರಿ ಅರ್ಧ ಕೆಳಗೆ ಬಂದಳು. ಮದುವೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ನರಿ ಪೀಠದ ಕೆಳಗೆ ಬಂದು ಕಿವಿ ಎತ್ತಿ ನಿಂತಿತು. ಶಿಗೆನೊ ಕಣ್ಣೊರೆಸಿಕೊಂಡು ಬಗ್ಗಿದಳು.

"ನನ್ನ ಗಂಡ ಮಾತಾಡಲ್ಲ," ಎಂದು ಪಿಸುಗುಟ್ಟಿದಳು. "ಒಳ್ಳೆಯವನೇ, ಆದರೆ ಮಾತಾಡಲ್ಲ. ಹಿಮ ಕರಗಿದ ಮೇಲೆ ತವರಿಗೆ ಹೋಗಿಬಿಡ್ತೀನಿ. ನಿನ್ನ ದೇವರಿಗೆ ಹೇಳು, ನನ್ನ ಮೇಲೆ ಕೋಪ ಮಾಡ್ಕೋಬೇಡ ಅಂತ."

ನರಿ ಅಲ್ಲಾಡಲಿಲ್ಲ. ಹೆಗಲು ಕುಸಿಯಿತು. ಕುಣಿತವನ್ನು ಅರ್ಧಕ್ಕೇ ಬಿಟ್ಟು ಹಿಮದೊಳಗೆ ಹೊರಟುಹೋಯಿತು.

ಮಾರನೆಯ ಬೆಳಿಗ್ಗೆ ಊಟದ ಮಣೆಯ ಮುಂದೆ ಯಸುಕಿಚಿ ಸಾರಿನ ಬಟ್ಟಲು ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

"ಹೋಗ್ಬೇಡ," ಎಂದ.

"ಎಲ್ಲಿಗೆ?"

"ತವರಿಗೆ."

ಶಿಗೆನೊ ಆ ಮಾತನ್ನು ಒಂದೇ ಒಂದು ಜೀವಕ್ಕೆ ಹೇಳಿದ್ದಳು. ಅವಳು ಎದ್ದು, ಮಣೆ ಸುತ್ತಿ ಬಂದು, ಗಂಡನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಲಗಿವಿಯ ಹಿಂದೆ ಸುಣ್ಣದ ಬಿಳಿ ಗೀರು. ಅವನು ಉಸಿರು ಬಿಗಿಹಿಡಿದು ಕೂತಿದ್ದ. ಒದ್ದೆ ಬಟ್ಟೆ ತಂದು ಕಿವಿಯ ಹಿಂದೆ ಒರೆಸಿದಳು.

"ಆಯ್ತು, ಹೋಗಲ್ಲ," ಎಂದಳು. "ಆದರೆ ದಿನಕ್ಕೆ ಒಂದಾದ್ರೂ ಮಾತು ಆಡ್ಬೇಕು. ಹ್ಞೂ ಲೆಕ್ಕಕ್ಕಿಲ್ಲ."

ಅವತ್ತಿನಿಂದ ಯಸುಕಿಚಿ ದಿನವಿಡೀ ಯೋಚಿಸಿ, ಮಲಗುವ ಮುಂಚೆ ಒಂದು ಮಾತು ತಂದು ಕೊಡುತ್ತಿದ್ದ. ಇವತ್ತು ಸೌದೆ ಹಸಿ ಇತ್ತು. ಪಕ್ಕದ ಮನೆ ನಾಯಿ ಮರಿ ಹಾಕಿದೆ. ನಿನ್ನ ನಗು ಗೋಡೆ ಹಿಂದೆಯೂ ಕೇಳತ್ತೆ. ಎದ್ದ ಕೂಡಲೆ ನರಿಯ ಮುಖ ಕಂಡವರಿಗೆ ದಿನವೆಲ್ಲ ಶುಭ ಎನ್ನುತ್ತಾರೆ. ಶಿಗೆನೊ ದಿನಾ ಕಂಡಳು, ಪಕ್ಕದ ಹಾಸಿಗೆಯಲ್ಲೇ.

*

ಒಲೆಯ ಕೋಣೆಯಲ್ಲಿ ಸೌದೆಯ ರಾಶಿ ಕೆದಕಿದಳು, ಬೂದಿ ಡಬ್ಬದೊಳಗೆ ಕೈ ಹಾಕಿದಳು, ಅವನು ಕೂರುತ್ತಿದ್ದ ಸಣ್ಣ ಮಣೆಯನ್ನೂ ತಿರುವಿ ನೋಡಿದಳು. ಕಿಮೊನೊ ತೋಳಿಗೆ ಮಸಿ ಮೆತ್ತಿತು. ಮುಖ ಇರಲಿಲ್ಲ.

ಮಣೆಯ ಮೇಲೆ ಕುಕ್ಕರಿಸಿದಳು. ಈಗ ನಿಜವಾಗಿಯೂ ಅಳು ಬಂತು. ಸಾವಿಗೆ ಅವಳು ಸಿದ್ಧಳಾಗಿದ್ದಳು. ವೈದ್ಯ ಹಬ್ಬ ಮುಗಿದ ಕೂಡಲೇ ಹೇಳಿದ್ದ. ಆದರೆ ಅವನು ಕೇಳಿದ್ದು ಒಂದೇ ಒಂದು, ಅದನ್ನೂ ಕೊಡದೆ ಕಳಿಸುವುದು ಹೇಗೆ? ಮಾತು ಬಾರದ ಮನುಷ್ಯ, ಯಮನ ಮುಂದೆ ನಿಂತಾಗ 'ಹ್ಞೂ' ಬಿಟ್ಟು ಇನ್ನೇನು ಹೇಳಿಯಾನು? ಆ ಮುಖ ಹಾಕಿಕೊಂಡಿದ್ದರೆ ಯಮನ ಟೋಪಿಯನ್ನೂ ಬಕೇಟಿಗೆ ತೊಡಿಸಿ ಪಾರಾಗುತ್ತಿದ್ದ.

ಬಚ್ಚಲಿನ ಪೀಠದ ಮೇಲೆ ಮೊಮ್ಮಗಳಿಗೆಂದು ಕೊಂಡ ಪ್ಲಾಸ್ಟಿಕ್ ನರಿಮುಖ ನೇತಾಡುತ್ತಿರುವುದು ನೆನಪಾಯಿತು. ಅದನ್ನೇ ಹಾಕಿಬಿಡಲೇ? ಎದ್ದಳು ಕೂಡ. ಆಮೇಲೆ, ಛೆ, ಪ್ಲಾಸ್ಟಿಕ್ ಸುಟ್ಟ ನಾತದಲ್ಲಿ ಮೇಲಕ್ಕೆ ಹೋಗಬೇಕೇ ಅವನು, ಎನಿಸಿ ಮತ್ತೆ ಕೂತಳು.

"ಅಮ್ಮಾ?" ಫುಮಿಯೊ ಬಾಗಿಲಲ್ಲಿ. ತಾಯಿಯ ಮಸಿ ಹತ್ತಿದ ತೋಳು, ಒದ್ದೆ ಕೆನ್ನೆ ನೋಡಿ ಅವಳ ದನಿ ಮೆತ್ತಗಾಯಿತು. "ಅಪ್ಪನ ವಾಸನೆ ಇದೆ ಅಂತ ಬಂದ್ಯಾ ಇಲ್ಲಿಗೆ?"

"ಹ್ಞೂ," ಎಂದಳು ಶಿಗೆನೊ. ಗಂಡನ ಮಾತೇ ಬಾಯಿಗೆ ಬಂತು.

"ಗುರುಗಳು ಮೂರು ಸಲ ಕೇಳಿದ್ರು ನಿನ್ನ. ಚಹಾನೂ ಮುಟ್ಟಿಲ್ಲ. ಹೂವು ಇಡೋ ಮುಂಚೆ ಮಾತಾಡಲೇಬೇಕಂತೆ."

"ದಕ್ಷಿಣೆ ಎಲ್ಲಿಗೆ ಓಡಿ ಹೋಗತ್ತೆ ಅಂತೆ ಅವನಿಗೆ?"

"ಅಮ್ಮಾ! ಗುರುಗಳನ್ನ ಹಾಗೆಲ್ಲ ಅನ್ಬಾರ್ದು."

*

ಒಳಕೋಣೆಯಲ್ಲಿ ಕೈಜುನ್ ನೆಟ್ಟಗೆ ಕೂತಿದ್ದ. ಶಿಗೆನೊ ಬರುತ್ತಲೇ ಎದ್ದು, ತಾನೇ ಬಾಗಿಲು ಸರಿಸಿ ಮುಚ್ಚಿ, ಹಣೆಯ ಬೆವರು ಒರೆಸಿಕೊಂಡು, ಕಾವಿಯ ಅಗಲ ತೋಳಿನಿಂದ ಒಂದು ಗಂಟು ತೆಗೆದು ಅವಳ ಮುಂದಿಟ್ಟ. ಬಿಚ್ಚಿದ. ಬಿಳಿ ಮುಖ, ಹೊನ್ನಿನ ಕಣ್ಣು. ಎಡಗಿವಿಗೆ ಹೊಸ ಕೆಂಪು ಬಣ್ಣ.

ಶಿಗೆನೊ ಮುಖವನ್ನು ನೋಡಿದಳು, ಗುರುವನ್ನು ನೋಡಿದಳು, ಮತ್ತೆ ಮುಖವನ್ನು ನೋಡಿದಳು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲಪ್ಪ," ಎಂದಳು. "ಇದು ನಿಮ್ಮ ಹತ್ರ ಹೇಗೆ?"

"ಕ್ಷಮಿಸ್ಬೇಕು ಅಮ್ಮ. ನಿನ್ನೆ ಜಾಗರಣೆಗೇ ತರೋಣ ಅಂದ್ರೆ ಕಿವಿ ಬಿರುಕು ಬಿಟ್ಟಿತ್ತು, ಸರಿ ಮಾಡಿದೆ, ರಾತ್ರಿಯ ಥಂಡಿಗೆ ಬಣ್ಣ ಒಣಗಲೇ ಇಲ್ಲ. ಅನ್ನದ ಒಲೆ ಮೇಲೆ ಹಿಡಿದು ಒಣಗಿಸಿದೆ."

"ಕಿವಿ ಯಾಕೆ ಬಿರುಕು ಬಿಡ್ತು?"

"ಕ್ಷೌರದಂಗಡಿ ಮೆಟ್ಟಿಲು ಹಾರಿದಾಗ," ಎಂದ ಗುರು, ನೆಲ ನೋಡುತ್ತ. "ಬಾಗಿಲ ದಾರಂದಕ್ಕೆ ತಗುಲ್ತು."

ಶಿಗೆನೊ ಆ ದುಂಡು ಮೈಯನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದಳು. ಒಂದೇ ನೆಗೆತ, ಈ ಮೈಯಲ್ಲಿ!

ಮೂರು ವರ್ಷದ ಹಿಂದೆ ಯಸುಕಿಚಿ ಮಠಕ್ಕೆ ಬಂದು, ಬಹಳ ಹೊತ್ತು ಸುಮ್ಮನೆ ಕೂತು, "ಮಂಡಿ ಹೋಯ್ತು" ಎಂದನಂತೆ. ಹಳೆಯ ನರಿ ಬದುಕಿರುವಾಗ ಊರಿಗೆ ಎರಡನೆಯ ಮುಖ ಮಾಡುವಂತಿಲ್ಲ. ಅದಕ್ಕೇ ತನ್ನದನ್ನೇ ಕೈಜುನ್‌ಗೆ ಕೊಟ್ಟ. ಕೊಳವೆಗೆ ಬಡಿದು ಬಡಿದು ಕುಣಿತದ ಲಯ ಕಲಿಸಿದ.

"ಅಲ್ಲ, ಊರಲ್ಲಿ ಇಷ್ಟು ಗಂಡಸರಿದ್ದಾರೆ, ನೀವೇ ಯಾಕೆ?"

"ನಾನೂ ಅದನ್ನೇ ಕೇಳಿದೆ. 'ವರ್ಷವಿಡೀ ನಗದೆ ಇರೋನ ಒಳಗೆ ತುಂಬಿರತ್ತೆ. ನಂಗೆ ಗೊತ್ತು' ಅಂದ್ರು. ಅವರು ನನ್ನ ಹತ್ರ ಆಡಿದ ಅತಿ ಉದ್ದದ ಮಾತು ಅದೇ."

"ಅಜ್ಜಿ ಕತೆಗಳಲ್ಲಿ ನರಿ ಸನ್ಯಾಸಿ ವೇಷ ಹಾಕ್ಕೊಂಡು ಊರಿಗೆ ಬರ್ತಿತ್ತು," ಎಂದಳು ಶಿಗೆನೊ. "ನಮ್ಮೂರಲ್ಲಿ ಸನ್ಯಾಸಿಯೇ ನರಿ ವೇಷ ಹಾಕಿದ್ದಾನೆ! ಮತ್ತೆ ನಮ್ಮವರು? ಹಬ್ಬದ ಸಂಜೆ ಮನೆಯಲ್ಲಿ ಇರ್ತಿರಲಿಲ್ಲವಲ್ಲ."

"ಮಠದ ಅಡುಗೆಮನೇಲಿ, ಕೆಂಡದ ಮುಂದೆ. ನನ್ನ ಅಕ್ಕಿ ಹೆಂಡ, ಆ ಸಾಕೆ ಕುಡೀತಾ, ಊರಿನ ಗದ್ದಲ ಕೇಳಿಸ್ಕೊಂಡು ಒಬ್ಬರೇ ನಗ್ತಿದ್ರು."

"ಮಾರನೇ ದಿನ ಮೂರು ವರ್ಷವೂ ಕಾಲು ತಿಕ್ಕಿಸ್ಕೊಂಡ್ರಲ್ಲ ಆ ಮಹಾನುಭಾವ! 'ಅಮ್ಮಾ, ಅಯ್ಯೋ' ಅಂತ ನರಳ್ತಾ ನರಳ್ತಾ!"

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಕೈ ಬಾಯಿಗೆ ಹೋಯಿತು. ಪ್ರತಿ ಹಬ್ಬದಲ್ಲೂ ಕುಣಿತ ಮುಗಿಸಿ ನರಿ ಪೀಠದ ಪಕ್ಕದ ಇಕ್ಕಟ್ಟಿನಲ್ಲಿ ತೂರಿ ಹೊರಗೆ ಹೋಗುವಾಗ, ಯಾರೂ ನೋಡದ ಹಾಗೆ ಅವಳು ಅದರ ಅಂಡಿಗೆ ಒಂದು ಚಿವುಟುತ್ತಿದ್ದಳು. ಗಂಡ ಹೆಂಡಿರ ನಡುವಿನ ಚೇಷ್ಟೆ. ಪ್ರತಿ ವರ್ಷ. ಈ ಮೂರು ವರ್ಷವೂ. ಹೋದ ಸಲವಂತೂ ನರಿಗೆ ಪ್ರಾಯ ಬಂದಿದೆ ಎಂಬ ಖುಷಿಗೆ ಎರಡು ಸಲ.

ಗುರುವಿನ ಬೋಳು ತಲೆ ಕಿವಿಯವರೆಗೂ ಕೆಂಪಾಯಿತು.

"ಎಲ್ಲಾ ಹೇಳಿಕೊಟ್ಟಿದ್ರು," ಎಂದ. "ಅದೊಂದು ಮಾತ್ರ ಹೇಳಿರಲಿಲ್ಲ."

ಶಿಗೆನೊ ಕಿಮೊನೊ ತೋಳನ್ನು ಬಾಯಿಗೆ ತುರುಕಿಕೊಂಡಳು. ನಗು ನಿಲ್ಲಲಿಲ್ಲ. ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಸುರಿಯಿತು, ಚಾಪೆಯ ಮೇಲೆ ಬಗ್ಗಿಹೋದಳು. ಅವಳನ್ನು ನೋಡಿ ಕೈಜುನ್ ಕೂಡ, ಮಠದ ಗುರು, ಊರಲ್ಲಿ ಯಾರೂ ನಗು ಕಾಣದ ಕೈಜುನ್, ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಡಿಸಿದ. ಬಾಗಿಲಾಚೆ ಯಾರೋ "ಪಾಪ, ಈಗ ಅಳ್ತಿದ್ದಾಳೆ, ಅತ್ತುಬಿಡ್ಲಿ" ಎಂದದ್ದು ಕೇಳಿಸಿತು. ಫುಮಿಯೊ ಬಿಕ್ಕುವುದೂ ಕೇಳಿಸಿತು.

ನಗು ಇಳಿದ ಮೇಲೆ ಶಿಗೆನೊ ಮೆಲ್ಲಗೆ ಕೇಳಿದಳು, "ಮತ್ತೆ ನಾನು ಕಿವಿಯಲ್ಲಿ ಹೇಳ್ತಿದ್ದದ್ದು?"

"ಅದು ಒಪ್ಪಂದ ಅಮ್ಮ. ಊರವರು ಹೇಳಿದ್ದೆಲ್ಲ ದೇವರಿಗೆ. ನೀವು ಹೇಳಿದ್ದನ್ನ ಮಾತ್ರ ಮಠಕ್ಕೆ ಬಂದು, ಒಂದಕ್ಷರ ಬಿಡದೆ ಅವರಿಗೆ ಹೇಳ್ಬೇಕು. 'ಅವಳೆದುರು ಜಾಸ್ತಿ ಹೊತ್ತು ನಿಲ್ಲು, ಅವಳಿಗೆ ಹೇಳೋದು ಬಹಳ ಇರತ್ತೆ' ಅಂತಿದ್ರು."

"ಈ ವರ್ಷದ್ದೂ ಹೇಳಿದ್ರಾ?"

ಗುರು ಹೌದೆಂದು ತಲೆಯಾಡಿಸಿದ. ಈ ವರ್ಷ ಅವಳು ಹೇಳಿದ್ದು ಇಷ್ಟು: ಈ ಮನುಷ್ಯ ನನಗಿಂತ ಮುಂಚೆ ಹೋಗಲಿ. ನಾನು ಹೋದರೆ ಅನ್ನ ಬೇಕು ಅಂತಲೂ ಯಾರನ್ನೂ ಕೇಳಲ್ಲ, ಹಸಿದುಕೊಂಡೇ ಕೂತಿರ್ತಾನೆ. ಅಳು ಹೇಗಿದ್ದರೂ ನನಗೆ ಬರತ್ತೆ, ನನಗಿರಲಿ.

"ಕೇಳಿ ಏನಂದ್ರು?"

"ನಕ್ಕರು. ಆಮೇಲೆ ಬಟ್ಟಲು ಮುಂದೆ ಹಿಡಿದು ಇನ್ನೊಂದು ಸಲ ಸಾಕೆ ಹಾಕಿಸ್ಕೊಂಡು, 'ಸರಿ' ಅಂದ್ರು."

ಶಿಗೆನೊ ಅತ್ತಳು. ಈ ಸಲ ಅಳುವೇ. ಆದರೆ ಎದೆ ಹಗುರವಾಗಿತ್ತು. ಹಿಮ ಕರಗಿ ನೀರು ಹರಿಯುವ ದಿನಗಳಲ್ಲಿ ಊರಿಗೆಲ್ಲ ಆಗುತ್ತದಲ್ಲ, ಹಾಗೆ.

"ನನ್ನ ಕೈಯಿಂದ ಇದನ್ನ ಪೆಟ್ಟಿಗೆಗೆ ಹಾಕೋ ಹಾಗಿಲ್ಲ," ಎಂದ ಕೈಜುನ್. "ಮನೆಯವರ ಕೈಯಿಂದಲೇ ಹೋಗ್ಬೇಕು. ಯಾರ ಕಣ್ಣಿಗೂ ಬೀಳ್ಬಾರ್ದು."

*

ಹೂವಿನ ಬುಟ್ಟಿ ಬಂತು. ಒಬ್ಬೊಬ್ಬರಾಗಿ ಎದ್ದು ಬಿಳಿ ಸೇವಂತಿಗೆ ತೆಗೆದುಕೊಂಡು ಯಸುಕಿಚಿಯ ಸುತ್ತ ಇಟ್ಟರು. ಗೆಂಪೆಯಿ ಹೂವಿನ ಜೊತೆ ಒಂದು ಸೌದೆ ತುಂಡನ್ನೂ ಇಟ್ಟು, "ತಣ್ಣಗಾದ್ರೆ ಬಡಿ" ಎಂದು ಮೂಗು ಒರೆಸಿಕೊಂಡ. ಹೆಣದ ಗಾಡಿ ಬೀದಿಯಲ್ಲಿ ಬಂದು ನಿಂತ ಸದ್ದಾಯಿತು. ಮುಚ್ಚಳ ಗೋಡೆಗೆ ಒರಗಿಸಿತ್ತು, ಮೊಳೆ ಹೊಡೆಯುವ ಹೊಳೆಗಲ್ಲು ಪಕ್ಕದಲ್ಲೇ ಇತ್ತು.

ಕೊನೆಯ ಹೂವು ಹೆಂಡತಿಯದು. ಶಿಗೆನೊ ಎದ್ದಳು. ಎಡತೋಳಿನೊಳಗೆ ಮುಖ, ಬಲಗೈಯಲ್ಲಿ ಹೂವಿನ ರಾಶಿ. ಹೂವುಗಳ ಕೆಳಗೆ ಮೆಲ್ಲಗೆ ಜಾರಿಸಿಬಿಡಬೇಕು ಎಂದು ಬಗ್ಗಿದಳು. ಮುಖಕ್ಕೆ ಅವಸರವಾಯಿತೋ ಏನೋ. ತೋಳಿನಿಂದ ಜಾರಿ ಹೊರಗೆ ಬಂದು, ಯಸುಕಿಚಿಯ ಎದೆಯ ಮೇಲೆ, ಬಿಳಿ ಹೂಗಳ ನಡುವೆ, ಕೆಂಪು ಕಿವಿ ಎತ್ತಿಕೊಂಡು ಎಲ್ಲರನ್ನೂ ನೋಡುತ್ತ ಕೂತಿತು.

ಎಲ್ಲರ ಕತ್ತೂ ಒಟ್ಟಿಗೇ ಪೆಟ್ಟಿಗೆಯತ್ತ ಚಾಚಿತು.

"ಅರೆ!" ಒತೊಕು ಅರಚಿದಳು. "ನರಿ! ಹಾಗಾದ್ರೆ ನಮ್ಮ ಯಸು..."

ಗೆಂಪೆಯಿಗೆ ಎಲ್ಲಿಲ್ಲದ ಕೆಮ್ಮು ಬಂತು. ಕೆಮ್ಮುತ್ತ ಕೆಮ್ಮುತ್ತ ಅವನು ಎದ್ದ, ಪೆಟ್ಟಿಗೆಗೆ ಬೆನ್ನು ಮಾಡಿದ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತ.

ಹಬ್ಬದ ಸಂಜೆ ಕುಣಿದು ದಣಿದ ನರಿ ಯಾರ ಮನೆಯಲ್ಲಾದರೂ ನೀರು ಕುಡಿಯಲು ಮುಖ ತೆಗೆದರೆ, ಮನೆಮಂದಿಯೆಲ್ಲ ಹಾಗೆ ಗೋಡೆಗೆ ತಿರುಗಿ ನಿಲ್ಲುವುದು ಹಿನೋತ್ಸುವಿನ ಮರ್ಯಾದೆ. ಕುಡಿದು, ಉಸಿರು ಸುಧಾರಿಸಿಕೊಂಡು, ಮತ್ತೆ ಮುಖ ಕಟ್ಟಿಕೊಳ್ಳುವವರೆಗೆ ಯಾರೂ ತಿರುಗುವುದಿಲ್ಲ.

ಅಕ್ಕಿ ಅಂಗಡಿಯವನು ಎದ್ದು ತಿರುಗಿದ. ಅವನ ಹೆಂಡತಿ ತಿರುಗಿದಳು. ಊರ ಮುಖಂಡ ಊರುಗೋಲು ಹುಡುಕಿಕೊಂಡು ಎದ್ದು ತಿರುಗಿದ. ಫುಮಿಯೊ, ಕೆನ್ನೆ ಒದ್ದೆ, ಬಾಯಿ ನಗು, ಅಮ್ಮನನ್ನೊಮ್ಮೆ ನೋಡಿ, ಸೋದರತ್ತೆಯ ಹೆಗಲು ಹಿಡಿದು ತಿರುಗಿಸಿ ತಾನೂ ತಿರುಗಿದಳು. "ನಾನೇನು ಅಂದೆ? ನಾನೇನೂ ನೋಡಲಿಲ್ಲ!" ಎಂದು ಒತೊಕು ಗೋಡೆಗೆ ಅರಚಿದಳು. ಕೈಜುನ್ ಗಂಟೆಯನ್ನು ಕೆಳಗಿಟ್ಟು, ಎಲ್ಲರಿಗಿಂತ ಗಂಭೀರವಾಗಿ, ಮೂಲೆಗೆ ಮುಖ ಮಾಡಿ ನಿಂತ.

ಎಲ್ಲರಿಗೂ ಗೊತ್ತಿತ್ತು! ಶಿಗೆನೊಗೆ ಎದೆ ತುಂಬಿ ಬಂತು. ನಲವತ್ತು ವರ್ಷ ದಿನಾ ಅವಳ ಕಣ್ಣೆದುರು ಬಟ್ಟೆ ಬಿಚ್ಚಿ ಬತ್ತಲೆ ನಿಂತ ಈ ಜನ, ಇದೊಂದನ್ನು ಮಾತ್ರ ಮುಚ್ಚಿಟ್ಟುಕೊಂಡಿದ್ದರು.

ಅವಳು ಮುಖ ಎತ್ತಿಕೊಂಡಳು. ಗಂಡನ ತಲೆಯನ್ನು ಒಂದು ಕೈಯಲ್ಲಿ ಮೆಲ್ಲಗೆ ಎತ್ತಿ, ಹಿಂದೆ ದಾರ ತಂದಳು.

ಬಾಗಿಲು ಸರಿಯಿತು. ಗಾಡಿಯ ಚಾಲಕ, ಪಕ್ಕದ ಪಟ್ಟಣದವನು, ಬಿಳಿ ಕೈಗವುಸು ಹಾಕಿಕೊಂಡು, "ಹೊತ್ತಾಯ್ತು, ಇನ್ನು..." ಎಂದವನು ಅಲ್ಲೇ ನಿಂತ. ಕರಿ ಬಟ್ಟೆಯ ಜನವೆಲ್ಲ ಸಾಲಾಗಿ ಗೋಡೆ ನೋಡುತ್ತಿದ್ದಾರೆ, ಒಬ್ಬೊಬ್ಬರ ಹೆಗಲೂ ಕುಲುಕುತ್ತಿದೆ. ಗೆಂಪೆಯಿ ಹಿಂದಕ್ಕೆ ನೋಡದೆಯೇ ಕೈ ಚಾಚಿ ಅವನ ಕಾಲರ್ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡು ಗೋಡೆಗೆ ತಿರುಗಿಸಿದ.

"ಏನು ನೋಡ್ಬೇಕು, ಸ್ವಾಮಿ?" ಚಾಲಕ ಪಿಸುಗುಟ್ಟಿದ.

"ಏನೂ ನೋಡ್ಬಾರ್ದು."

ಚಾಲಕ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡು ನಿಂತ.